ನಾಲ್ಕನೇ ತರಗತಿಯ ಮಧ್ಯವಯಸ್ಕರು

ಸಾಮಾಜಿಕ ಜಾಲತಾಣಗಳಲ್ಲಿ ಚಿಕ್ಕ ಮಕ್ಕಳೇ ಇಲ್ಲ. ಕಂಪನಿಗಳ ಕಡತವೇ ಹಾಗೆನ್ನುತ್ತದೆ. ಹದಿಮೂರು ತುಂಬದ ಮಗುವಿನ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಕಲೆಹಾಕಕೂಡದೆಂದು ಅಮೆರಿಕ 1998ರಲ್ಲಿ ಕಾನೂನು ಮಾಡಿತು. ಒಪ್ಪಿಗೆ ಕೇಳುತ್ತ ಕೂರುವವರು ಯಾರು? ಹದಿಮೂರರ ಒಳಗಿನವರಿಗೆ ಪ್ರವೇಶವಿಲ್ಲವೆಂದು ಬೋರ್ಡು ತೂಗುಹಾಕಿ, ಬಾಗಿಲಿಗೊಬ್ಬ ಕಾವಲುಗಾರನನ್ನು ನಿಲ್ಲಿಸಿದರೆ ಕೆಲಸ ಮುಗಿಯಿತಲ್ಲ!

ಆ ಕಾವಲುಗಾರ ಬಂದವರೆಲ್ಲ ಹರಿಶ್ಚಂದ್ರರೇ ಎಂದು ನಂಬಿದವನು. ಹುಟ್ಟಿದ ವರ್ಷ ಯಾವುದೆಂದು ಕೇಳುತ್ತಾನೆ. ಮಗು ವರ್ಷಗಳ ಪಟ್ಟಿಯನ್ನು ಬೆರಳಿನಿಂದ ಜೋರಾಗಿ ಉರುಳಿಸುತ್ತದೆ. ಅದು ನಿಂತ ಕಡೆ ಹುಟ್ಟುತ್ತದೆ. 1987? ದಯಮಾಡಿಸಿ ಸ್ವಾಮೀ, ಒಳಗೆ ಬನ್ನಿ. ಉರುಳಿಸಲು ಬಾರದ ಕೂಸಿಗೆ ಅಪ್ಪನೇ ನೆರವಾಗುತ್ತಾನೆ, ಸುಳ್ಳು ಹೇಳಬಾರದೆಂದು ಬೆಳಿಗ್ಗೆಯಷ್ಟೇ ಕಿವಿ ಹಿಂಡಿದ ಅದೇ ಅಪ್ಪ.

ಒಳಗಿರುವ ಯಂತ್ರ ಮಾತ್ರ ಸರ್ವಜ್ಞ. ಯಾವ ವಿಡಿಯೊದ ಮೇಲೆ ಬೆರಳು ಮೂರು ಸೆಕೆಂಡು ಹೆಚ್ಚು ತಡೆಯಿತು, ಮುಂದೆ ಏನು ತೋರಿಸಿದರೆ ಊಟ ಮರೆಯುತ್ತದೆ, ಎಲ್ಲವೂ ಅದಕ್ಕೆ ಗೊತ್ತು. ಗೊತ್ತಾಗದ್ದು ಒಂದೇ: ಶಾಲೆಯ ವೇಳೆಯಲ್ಲಿ ಕಾಣೆಯಾಗಿ, ಸಂಜೆ ಕಾರ್ಟೂನುಗಳ ನಡುವೆ ಪ್ರತ್ಯಕ್ಷವಾಗಿ, ನಡುರಾತ್ರಿ ಹೊದಿಕೆಯೊಳಗೆ ಮಿನುಗುವ ಈ ನಲವತ್ತರ ಅಂಚಿನ ಗೃಹಸ್ಥರು ಯಾರು?

ಹಗಲಲ್ಲಿ ತೂಕಡಿಕೆ, ಲೈಕು ಕಡಿಮೆಯಾದರೆ ಕನ್ನಡಿಯ ಮೇಲೆ ಸಿಟ್ಟು, ಮೊಬೈಲ್ ಕಿತ್ತುಕೊಂಡರೆ ಮೈಮೇಲೆ ದೆವ್ವ. ಕಡತದ ಪ್ರಕಾರ ಇವೆಲ್ಲ ಮಧ್ಯವಯಸ್ಸಿನ ತಾಪತ್ರಯಗಳು.

ಹಾಗೆಂದು ಯಾರಿಗೂ ಮರುಕವಿಲ್ಲವೆನ್ನಬೇಡಿ. ಎಷ್ಟು ಸರಿಸಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಪಶ್ಚಾತ್ತಾಪಪಟ್ಟರು. ಪುಟ ಇನ್ನೂ ಮುಗಿದಿಲ್ಲ. 2024ರ ಜನವರಿಯಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಎದ್ದುನಿಂತು, ಜಾಲತಾಣಗಳಿಂದ ಹಾನಿಗೊಳಗಾದ ತಮ್ಮ ಮಕ್ಕಳ ಫೋಟೊ ಹಿಡಿದು ಕೂತಿದ್ದ ತಂದೆತಾಯಿಯರತ್ತ ತಿರುಗಿ ಕ್ಷಮೆ ಕೇಳಿದರು. ಕಾವಲುಗಾರನ ಕೆಲಸಕ್ಕೇನೂ ಕುತ್ತು ಬರಲಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಬಾಗಿಲನ್ನು ಹದಿನಾರಕ್ಕೆ ಏರಿಸಿ, ಈಗ ಕಂಪನಿಗಳೇ ವಯಸ್ಸು ಪತ್ತೆಹಚ್ಚಲಿ, ತಪ್ಪಿದರೆ ದಂಡ ತೆರಲಿ ಎನ್ನುತ್ತಿದೆ. ಇಷ್ಟು ವರ್ಷ ಏನೂ ಕಾಣದಿದ್ದ ಯಂತ್ರಕ್ಕೆ ದಂಡವೆಂದೊಡನೆ ಮುಖ ನೋಡಿ ಪ್ರಾಯ ಅಳೆಯುವ ದಿವ್ಯದೃಷ್ಟಿ ಬಂದುಬಿಟ್ಟಿದೆ.

ಇತ್ತ ನಮ್ಮ 1987ರ ಮಹನೀಯರಿಗೆ ಮೊನ್ನೆ ನಿವೃತ್ತಿ ಯೋಜನೆಯ ಜಾಹೀರಾತು ಬಂದಿತ್ತಂತೆ. ಗಂಭೀರವಾಗಿ ಪೂರ್ತಿ ಓದಿದ್ದಾರೆ. ಹೋಮ್‌ವರ್ಕಿನಿಂದ ನಿವೃತ್ತರಾಗುವ ಯೋಚನೆ ಅವರಿಗೆ ಮೊದಲಿನಿಂದಲೂ ಇತ್ತು.