ಎಣ್ಣೆ ಬಂದಾಗ

"ರೀ, ಇಲ್ಲಿ ಬನ್ನಿ" ಎಂಬ ಮಾತನ್ನು ನನ್ನ ಹೆಂಡತಿ ಎರಡು ರಾಗದಲ್ಲಿ ಹೇಳುತ್ತಾಳೆ. ಒಂದು, ಹಲ್ಲಿ ಕಂಡಾಗ. ಇನ್ನೊಂದು, ನನ್ನ ತಪ್ಪು ಕಂಡಾಗ. ಮೊನ್ನೆ ಬುಧವಾರ ಬೆಳಿಗ್ಗೆ ಕೇಳಿಸಿದ್ದು ಎರಡನೆಯ ರಾಗ. ಹೊರಗೆ ಹೋದರೆ ರಂಗೋಲಿ ಡಬ್ಬಿ ಹಿಡಿದು ಕಾರಿನ ಮುಂದೆ ನಿಂತಿದ್ದಳು. ಕಾರಿನ ಮೂತಿಯ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕಲೆ.

"ಎ.ಸಿ. ನೀರು" ಎಂದೆ, ಬಗ್ಗಿ ಕೂಡ ನೋಡದೆ.

ಅವಳು ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ ನೋಡಿದಳು. "ಇಷ್ಟು ಜಿಡ್ಡಿನ ನೀರು ಎಲ್ಲಿ ಸಿಗುತ್ತೆ? ಒಳ್ಳೆಣ್ಣೆ ಇದ್ದ ಹಾಗಿದೆ."

ನಿಜ, ಬಣ್ಣ ಹಾಗೇ ಇತ್ತು. ಹಿಂದಿನ ಸಂಜೆಯಷ್ಟೇ ಕಾರನ್ನು ಕಂಪನಿ ಸರ್ವೀಸಿನಿಂದ ತಂದಿದ್ದೆ. ಸೋರಿದ್ದು ಹೊಚ್ಚಹೊಸ ಇಂಜಿನ್ ಆಯಿಲ್. ಹಳೆಯದಾಗಿದ್ದರೆ ಕಪ್ಪಗಿರುತ್ತಿತ್ತು, ನನಗೂ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಬಿಲ್ಲಿನಲ್ಲಿ 3.1 ಲೀಟರ್ ಎಂದು ದಶಮಾಂಶದ ಸಮೇತ ಬರೆದಿದ್ದರು. ಆ ದಶಮಾಂಶ ಈಗ ನಮ್ಮ ನೆಲದ ಮೇಲಿತ್ತು.

ಸರ್ವೀಸ್ ಅಡ್ವೈಸರಿಗೆ ಫೋನ್ ಮಾಡಿದೆ. "ಎ.ಸಿ. ನೀರಿರುತ್ತೆ ಸಾರ್" ಎಂದ. ನಾನು ಹೆಂಡತಿಯ ಮುಖ ನೋಡಲಿಲ್ಲ. ಎಣ್ಣೆಯೇ ಎಂದು ಒತ್ತಿ ಹೇಳಿದ ಮೇಲೆ, "ಹಾಕುವಾಗ ಸ್ವಲ್ಪ ಚೆಲ್ಲಿರುತ್ತೆ ಸಾರ್. ಎರಡು ದಿನ ಓಡಿಸಿ, ತಾನೇ ನಿಂತು ಹೋಗುತ್ತೆ" ಎಂದ. ನೆಗಡಿಗೆ ಹೇಳಬೇಕಾದ ಮಾತು ಇದು.

ಗುರುವಾರ ಕಲೆ ಪೂರಿಯಷ್ಟಾಯಿತು. ಶುಕ್ರವಾರ ಸೆಟ್ ದೋಸೆಯಷ್ಟು. ಕೆಳಗೆ ಹಳೇ ಪೇಪರ್ ಹಾಸಿದೆ. ಬೆಳಿಗ್ಗೆ ಎತ್ತಿ ನೋಡಿದರೆ, ಬೋಂಡಾ ಕಟ್ಟಿಸಿಕೊಂಡು ಬಂದ ಪೇಪರಿನ ಹಾಗೆ ಆಚೆ ಪುಟದ ಸುದ್ದಿ ಈಚೆ ಕಾಣಿಸುತ್ತಿತ್ತು. ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಇಳಿಸಿ ತೆಗೆದೆ. ಎರಡು ಗುರುತುಗಳ ನಡುವೆಯೇ ಇತ್ತು. ಸದ್ಯ. ಆದರೆ ದಿನಕ್ಕೆ ಮೂರು ಸಲ ಡಿಪ್‌ಸ್ಟಿಕ್ ನೋಡುವ ಚಟ ಹತ್ತಿಕೊಂಡಿತು. ಜ್ವರ ಬಂದ ಮಗುವಿನ ಬಾಯಿಗೆ ಥರ್ಮಾಮೀಟರ್ ಇಟ್ಟು ಇಟ್ಟು ನೋಡುತ್ತಾರಲ್ಲ, ಹಾಗೆ.

ಇಂಥ ಹೊತ್ತಿನಲ್ಲಿ ನನಗೆ ಸೋದರಮಾವ ನೆನಪಾಗುತ್ತಾನೆ. ಮಾವ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದ. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತಲ್ಲ, ಅದೇ. ಅವನ ಹತ್ತಿರ ಒಂದು ಜಾವಾ ಬೈಕ್ ಇತ್ತು. ಕಿಕ್ ಹೊಡೆದ ಲಿವರೇ ಮುಂದಕ್ಕೆ ಬಂದು ಗೇರ್ ಆಗುತ್ತಿದ್ದ ಗಾಡಿ. ಆ ಗಾಡಿಗೆ ಏನೂ ಆಗಿರುತ್ತಿರಲಿಲ್ಲ. ಆದರೂ ಭಾನುವಾರ ಬಂತೆಂದರೆ ಬಿಚ್ಚುತ್ತಿದ್ದ. ಹಿತ್ತಿಲಲ್ಲಿ ಹಳೇ ಪಂಚೆ ಹಾಸಿ, ತೆಗೆದ ನಟ್ಟು ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಜೋಡಿಸುತ್ತಿದ್ದ. ಆ ಪಂಚೆಯನ್ನು ಯಾರೂ ದಾಟುವ ಹಾಗಿರಲಿಲ್ಲ. ಬೆಕ್ಕಿಗೂ ಗೊತ್ತಿತ್ತು.

ಗೇರ್‌ಬಾಕ್ಸಿನ ಎಣ್ಣೆ ಇಳಿಸಿದಾಗ ಪ್ಲಗ್ಗಿನ ತಾಮ್ರದ ವಾಷರನ್ನು ಮಾವ ಎಸೆಯುತ್ತಿರಲಿಲ್ಲ. ಇಕ್ಕಳದಲ್ಲಿ ಹಿಡಿದು ಸೀದಾ ಅಡುಗೆಮನೆಗೆ ಬರುತ್ತಿದ್ದ. ಅತ್ತೆಯ ಪಂಪ್ ಸ್ಟವ್ವಿನ ನೀಲಿ ಜ್ವಾಲೆಯಲ್ಲಿ ಅದು ಕೆಂಪಗೆ ಕಾಯಬೇಕು. ಆಮೇಲೆ ಚೊಂಬಿನ ನೀರಿಗೆ ಚುಂಯ್ ಎಂದು ಬೀಳಬೇಕು. "ನೋಡೋ, ತಾಮ್ರ ಒಂದು ಸಲ ಒತ್ತಿ ಕೂತರೆ ಗಟ್ಟಿಯಾಗಿಬಿಡುತ್ತೆ. ಹಾಗೇ ಹಾಕಿದರೆ ಸಂದು ಮುಚ್ಚಲ್ಲ, ಸೋರುತ್ತೆ. ಕಾಯಿಸಿದರೆ ಮತ್ತೆ ಮೆತ್ತಗಾಗುತ್ತೆ. ಉಕ್ಕಿಗೆ ಇದೇ ಮಾಡಿದರೆ ಗಟ್ಟಿ, ತಾಮ್ರಕ್ಕೆ ಮಾಡಿದರೆ ಮೆತ್ತಗೆ." ಅತ್ತೆ ಹಾಲಿನ ಪಾತ್ರೆ ಹಿಡಿದುಕೊಂಡು ಪಕ್ಕದಲ್ಲೇ ಕಾಯುತ್ತಿದ್ದಳು. "ನಿಮ್ಮ ಬಳೆ ಬೆಂದಿತಾ? ಹಾಲಿಡಬಹುದಾ?" ಎನ್ನುತ್ತಿದ್ದಳು.

ಎಂಬತ್ತರ ದಶಕದ ಒಂದು ಬೇಸಿಗೆ ರಜೆ. ಮರುದಿನ ಬೆಳಿಗ್ಗೆ ನಂಜನಗೂಡಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮಾವ, ಅತ್ತೆ, ನಡುವೆ ನಾನು, ಜಾವಾದಲ್ಲಿ. ಅಷ್ಟು ದೂರ ಹೋಗುವ ಗಾಡಿಯನ್ನು ಬಿಚ್ಚದೆ ಇರಲು ಮಾವನಿಂದ ಆಗುತ್ತದೆಯೇ? ಬಿಚ್ಚಿದ, ಜೋಡಿಸಿದ, ಸಂಜೆ ಒಂದು ಸುತ್ತು ಹೋಗಿಯೂ ಬಂದ. ರಾತ್ರಿ ಊಟ ಮುಗಿಸಿ ಪಂಚೆ ಕೊಡವಿದರೆ ಟಿಣ್ ಎಂದು ಒಂದು ವಾಷರ್ ಬಿತ್ತು.

ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದ. ಆಮೇಲೆ ಮಾತಾಡದೆ ಸ್ಪ್ಯಾನರ್ ತೆಗೆದ. ನನ್ನ ಕೈಗೆ ಟಾರ್ಚ್ ಬಂತು. ಬೆಳಕು ಎರಡು ಇಂಚು ಆಚೆ ಹೋದರೆ ತಲೆಗೆ ಒಂದು ಮೊಟಕು. "ಲೋ, ನನ್ನ ಮುಖಕ್ಕಲ್ಲ, ಇಂಜಿನ್ನಿಗೆ ಬಿಡೋ." ಹನ್ನೊಂದಾಯಿತು, ಹನ್ನೆರಡಾಯಿತು. ಒಂದೊಂದನ್ನೂ ತೆಗೆದು ನೋಡಿದ. ಎಲ್ಲ ಇದ್ದಲ್ಲೇ ಇತ್ತು. ಆ ವಾಷರಿಗೆ ಮಾತ್ರ ಜಾಗವಿರಲಿಲ್ಲ. ಒಂದೂವರೆಗೆ ಮತ್ತೆ ಜೋಡಿಸಿ ಮುಗಿಸಿ ಪಂಚೆ ಕೊಡವಿದ. ಟಿಣ್. ಈಗ ಎರಡು.

ಬೆಳಿಗ್ಗೆ ಐದಕ್ಕೆ ಅತ್ತೆ ಕಾಫಿಗೆಂದು ಸ್ಟವ್ ಹತ್ತಿಸಲು ಹೋದಳು. ಪಂಪ್ ಹೊಡೆದದ್ದೇ ತಡ, ಬರ್ನರಿನ ಬುಡದಿಂದ ಸೀಮೆಎಣ್ಣೆ ಚಿಮ್ಮಿತು. ಪುಣ್ಯಕ್ಕೆ ಕಡ್ಡಿ ಗೀರಿರಲಿಲ್ಲ. ಹಿಂದಿನ ಮಧ್ಯಾಹ್ನ ವಾಷರ್ ಕಾಯಿಸಲು ಬಂದ ಮಾವ, ಜ್ವಾಲೆ ಸರಿಯಿಲ್ಲವೆಂದು ಬರ್ನರನ್ನೂ ಬಿಚ್ಚಿ ಹಾಕಿದ್ದನಂತೆ. ಮೊದಲನೇ ವಾಷರ್ ಅಲ್ಲಿಯದು. ಎರಡನೆಯದು ಎಲ್ಲಿಯದೆಂದು ಕೊನೆಗೂ ಗೊತ್ತಾಗಲಿಲ್ಲ. ಕಾಫಿ ಇಲ್ಲದೆ, ಬಸ್ಸಿನಲ್ಲಿ ನಂಜನಗೂಡಿಗೆ ಹೋದೆವು. ಅತ್ತೆ ಇಡೀ ದಾರಿ ಕಿಟಕಿಯಾಚೆ ನೋಡುತ್ತಿದ್ದಳು. ಮಾವ ಜೇಬಿನಲ್ಲಿ ಆ ಎರಡನೇ ವಾಷರನ್ನು ಉರುಳಿಸುತ್ತಾ ಕೂತಿದ್ದ. ದೇವರ ಮುಂದೆ ಕೈ ಮುಗಿದಾಗಲೂ ಅದು ಬೆರಳ ಸಂದಿನಲ್ಲಿತ್ತು, ನಾನೇ ನೋಡಿದ್ದೇನೆ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ... ಏನೋ ಒಂದು ದೊಡ್ಡ ಮಾತು ಹೇಳಬೇಕೆಂದಿದ್ದೆ. ಇರಲಿ, ಆಮೇಲೆ ನೆನಪಾದರೆ ಹೇಳುತ್ತೇನೆ.

ಶನಿವಾರ ಕಾರನ್ನು ವಾಪಸ್ ಒಯ್ದೆ. ಅಲ್ಲಿ ನಮ್ಮಂಥವರು ಕೂರಲು ಎ.ಸಿ. ಕೋಣೆ ಇದೆ. ಕಾಫಿ ಮೆಷಿನ್ ಇದೆ. ದನಿ ಇಲ್ಲದೆ ಓಡುವ ಟಿ.ವಿ. ಇದೆ. ಕಾರಿನ ಹತ್ತಿರ ಹೋಗಲು ಮಾತ್ರ ಬಿಡುವುದಿಲ್ಲ. "ಸೇಫ್ಟಿ ಸಾರ್." ನನ್ನ ಕಾರು, ನನ್ನ ದುಡ್ಡು, ನೋಡಬೇಕಾದದ್ದು ಗಾಜಿನಾಚೆಯಿಂದ, ಐ.ಸಿ.ಯು.ನಲ್ಲಿ ಇಟ್ಟವರನ್ನು ನೋಡುವ ಹಾಗೆ. ಕೂತಲ್ಲೇ ಹಳೇ ಬಿಲ್ ಬಿಡಿಸಿ ಓದಿದೆ. ಎ.ಸಿ.ಗೆ ಕ್ರಿಮಿನಾಶಕ. ಇಂಜಿನ್ನಿಗೆ ಡ್ರೆಸ್ಸಿಂಗ್, ಅಂದರೆ ಬಾನೆಟ್ ಒಳಗೆ ಹೊಳಪು ಬಳಿಯುವುದು. ಯಾರ ಮದುವೆಗೆ ಅಂತ ಇದನ್ನು ಸಿಂಗರಿಸಿದರು? ಅದರ ಕೆಳಗೆ ಸಣ್ಣಕ್ಷರದಲ್ಲಿ, ಡ್ರೈನ್ ಪ್ಲಗ್ ಗ್ಯಾಸ್ಕೆಟ್, ಒಂದು. ಅಂದರೆ ಎಣ್ಣೆ ಇಳಿಸುವ ಪ್ಲಗ್ಗಿನ ವಾಷರ್. ಪಟ್ಟಿಯಲ್ಲೇ ಅತಿ ಕಡಿಮೆ ಬೆಲೆಯ ಸಾಮಾನು. ಅದಕ್ಕೂ ತೆರಿಗೆ ಹಾಕಿದ್ದರು.

ಕಾರು ಲಿಫ್ಟಿನ ಮೇಲೆ ಏರಿತು. ಇಪ್ಪತ್ತರ ಹುಡುಗನೊಬ್ಬ ಕೆಳಗೆ ನಿಂತು ಪ್ಲಗ್ ಬಿಚ್ಚಿದ, ಏನೋ ತೆಗೆದ, ಏನೋ ಹಾಕಿದ. ಹತ್ತು ನಿಮಿಷದ ಕೆಲಸ. ಅಡ್ವೈಸರ್ ಬಂದು, "ಸಾರ್, ಅದು ವಾಷರ್ ಸ್ವಲ್ಪ..." ಎಂದು ಅಲ್ಲಿಗೇ ನಿಲ್ಲಿಸಿದ. ಸ್ವಲ್ಪ ಏನು? ಹಳೆಯದನ್ನೇ ಮತ್ತೆ ಹಾಕಿದ್ದರಾ? ಹಾಗಾದರೆ ಬಿಲ್ಲಿನಲ್ಲಿದ್ದ ಹೊಸದು ಎಲ್ಲಿ ಹೋಯಿತು? ಅವನು ನಗುತ್ತಲೇ ಇದ್ದ. ನನಗೆ ಆ ನಗೆಯ ಮೇಲೆ ಬಂದಷ್ಟು ಸಿಟ್ಟು ಸೋರಿದ ಎಣ್ಣೆಯ ಮೇಲೂ ಬಂದಿರಲಿಲ್ಲ. "ತೆಗೆದದ್ದನ್ನು ಕೊಡಿ" ಎಂದೆ. ಇಂಥದ್ದನ್ನು ಯಾರೂ ಕೇಳಿರಲಿಲ್ಲವೇನೋ. ಒಳಗೆ ಹೋಗಿ ಟಿಶ್ಯೂ ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಬೆಳ್ಳಗಿನ ಪುಟ್ಟ ಬಳೆ. ಎರಡೂ ಕಡೆ ಒತ್ತಿ ಚಪ್ಪಟೆಯಾಗಿ, ಒಂದು ಅಂಚು ಸವೆದು ಹೋಗಿತ್ತು. ನಾಲ್ಕು ದಿನದ ವಾಷರ್ ಅಂತೂ ಅಲ್ಲ.

ಗೇಟು ದಾಟುವ ಮೊದಲೇ ಹೇಳಿದ. "ಸಾರ್, ನಾಳೆ ಫೋನ್ ಬರುತ್ತೆ. ಹತ್ತಕ್ಕೆ ಹತ್ತು ಕೊಡಿ ಸಾರ್. ಒಂಬತ್ತು ಕೊಟ್ಟರೂ ನಮಗೆ ಸೊನ್ನೆ ಲೆಕ್ಕ." ಒಂಬತ್ತನ್ನು ಸೊನ್ನೆ ಎಂದು ಲೆಕ್ಕ ಹಾಕುವವರ ಕೈಗೆ ಇಂಜಿನ್ ಕೊಟ್ಟಿದ್ದೇನಲ್ಲ ಎನ್ನಿಸಿತು. ಮರುದಿನ ಫೋನ್ ಬಂತು. ಹೆಣ್ಣುಮಗಳ ದನಿ ದಣಿದಿತ್ತು. ಬೆಳಿಗ್ಗೆಯಿಂದ ಎಷ್ಟು ಜನರ ಬೈಗುಳ ಕೇಳಿದ್ದಳೋ. ನಾಲ್ಕು ಎನ್ನಲು ಬಾಯಿ ತೆರೆದವನು ಹತ್ತು ಎಂದೆ. ಇಡೀ ದಿನ ನನ್ನ ಮೇಲೇ ಸಿಟ್ಟು.

ಆದರೆ ಶನಿವಾರದ ಕಥೆ ಮುಗಿದಿಲ್ಲ. ಮನೆಗೆ ಬಂದವನು ಆ ವಾಷರನ್ನು ಜೇಬಿನಿಂದ ತೆಗೆದು ಅಡುಗೆ ಕಟ್ಟೆಯ ಮೇಲಿಟ್ಟು, ನೀರು ಕುಡಿದು, ಮರೆತು, ಸ್ನಾನಕ್ಕೆ ಹೋದೆ. ಏಳು ಗಂಟೆಗೆ ಕೇಳಿಸಿತು. "ರೀ, ಇಲ್ಲಿ ಬನ್ನಿ." ಈ ಸಲದ್ದು ಮೂರನೇ ರಾಗ.

"ಇದು ಗ್ಯಾಸ್ ಸ್ಟವ್ವಿನದ್ದಾ? ಎಲ್ಲಿಂದ ಬಿತ್ತು?"

"ಕಾರಿನದ್ದು ಕಣೇ."

"ಕಾರಿನದ್ದು ಕಾರಲ್ಲಿರಬೇಕು ತಾನೇ? ಇಲ್ಲಿದೆ ಅಂದರೆ ಅಲ್ಲಿ ಏನಿದೆ?"

ಉತ್ತರ ಹೊಳೆಯಲಿಲ್ಲ. ಹೊಸದು ಹಾಕಿದ್ದಾರೆ ಎಂದೆ. "ನೀವು ನೋಡಿದಿರಾ?" ಗಾಜಿನಾಚೆಯಿಂದ ನೋಡಿದ್ದೆ. ಏನೋ ತೆಗೆದ, ಏನೋ ಹಾಕಿದ. ಅವಳು ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿದಳು. ರಾತ್ರಿ ಊಟಕ್ಕೆ ಹೋಟೆಲಿಗೆ ಹೋದೆವು. ನಡೆದುಕೊಂಡು.