ಮೂವತ್ತೈದು ದಾಟಿದರೆ ಸಾಕು

ಕೇರಳದಲ್ಲಿ ಕಳೆದ ಪಂಚಾಯತ್ ಚುನಾವಣೆಗೆ ನಾಮಪತ್ರ ಕೊಡಲು ಕೊನೆಯ ದಿನ 2025ರ ನವೆಂಬರ್ 21. ಮಧ್ಯಾಹ್ನ ಮೂರು ಗಂಟೆಯವರೆಗೆ ಮಾತ್ರ. ಮೂರೂ ಐದಕ್ಕೆ ಏದುಸಿರು ಬಿಡುತ್ತಾ ಬಂದವರಿಗೆ ಮುಂದಿನ ಐದು ವರ್ಷ ಅಡಿಕೆ ತೋಟವೇ ಗತಿ. ಅದರ ಹಿಂದಿನ ದಿನವಷ್ಟೇ ದಿಲ್ಲಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಂದು ಅಭಿಪ್ರಾಯ ಹೇಳಿದ್ದರು. ಮಸೂದೆಯ ಬಗ್ಗೆ ಇಂತಿಷ್ಟೇ ದಿನದಲ್ಲಿ ತೀರ್ಮಾನ ಮಾಡಿ ಅಂತ ರಾಜ್ಯಪಾಲರಿಗೆ ಕೋರ್ಟು ಗಡುವು ಹಾಕುವಂತಿಲ್ಲ. ಕಾರಣವೇ ಹೇಳದೆ ತೀರಾ ಎಳೆದರೆ ಏನಾದರೊಂದು ತೀರ್ಮಾನ ಮಾಡಿ ಎನ್ನಬಹುದು, ಅಷ್ಟೆ. ವಾರ್ಡ್ ಮೆಂಬರಿಗೆ ಒಂದು ಗಡಿಯಾರ, ರಾಜ್ಯಪಾಲರಿಗೆ ಒಂದು ಪಂಚಾಂಗ.

ಆ ವಾರ ನಮ್ಮ ಕಾಸರಗೋಡಿನ ಬದಿಯಡ್ಕ, ಪೈವಳಿಕೆ, ಎಣ್ಮಕಜೆ ಕಡೆ ಅಭ್ಯರ್ಥಿಗಳು ಪಟ್ಟ ಪಾಡು ನೋಡಬೇಕಿತ್ತು. ನಾಮಪತ್ರದ ಜೊತೆ 2ಎ ಅಂತ ಒಂದು ಫಾರ್ಮ್ ಉಂಟು. ಕೇಸು ಉಂಟಾ, ಜಾಗ ಎಷ್ಟು, ಬ್ಯಾಂಕಿನಲ್ಲಿ ಎಷ್ಟು, ಸಾಲ ಎಷ್ಟು, ಹೆಂಡತಿಯ ಚಿನ್ನ ಎಷ್ಟು, ಎಲ್ಲ ಬರೆಯಬೇಕು. ಒಬ್ಬರು ಪೆನ್ನು ಬಾಯಲ್ಲಿ ಕಚ್ಚಿಕೊಂಡು ಮನೆಗೆ ಫೋನ್ ಮಾಡಿದರು.

"ನಿನ್ನ ಅವಲಕ್ಕಿ ಸರ ಎಷ್ಟು ಪವನು?"

"ಮೂರು. ಯಾಕೆ, ಮಾರ್ತೀರಾ?"

"ಅಲ್ಲ ಮಾರಾಯ್ತಿ, ಫಾರ್ಮಿನಲ್ಲಿ ಬರೀಲಿಕ್ಕೆ."

"ಅದು ಸೊಸೈಟಿಯಲ್ಲಿ ಅಡವು ಉಂಟಲ್ಲ. ನೀವೇ ಇಟ್ಟದ್ದು."

ಈಗ ಅದನ್ನು ಆಸ್ತಿಯ ಕಾಲಮಿಗೆ ಹಾಕುವುದೋ, ಸಾಲದ ಕಾಲಮಿಗೆ ಹಾಕುವುದೋ? ಸುತ್ತ ನಿಂತವರಲ್ಲಿ ಎರಡು ಪಕ್ಷ ಆಯಿತು. ಒಬ್ಬರು ಎರಡೂ ಕಡೆ ಹಾಕಿ ಅಂದರು. ಇನ್ನೊಬ್ಬರು, ಎದುರು ಪಾರ್ಟಿಯವರು ಆಕ್ಷೇಪ ತೆಗೆದಾರು, ವಕೀಲರನ್ನು ಕೇಳಿ ಅಂದರು. ಪಂಚಾಯತ್ ತೆರಿಗೆ ಕಟ್ಟಿದ ರಶೀದಿ ಹುಡುಕಲು ಒಬ್ಬ ಹುಡುಗ ಬೈಕಿನಲ್ಲಿ ಮನೆಗೆ ಓಡಿದ. ನೋಟಿಸ್ ಬಂದ ಮೇಲೂ ಬಾಕಿ ಇಟ್ಟರೆ ಅರ್ಹತೆಯೇ ಹೋಗುತ್ತದೆ ನೋಡಿ. ಗೆದ್ದರೆ ಸಿಗುವ ಅಧಿಕಾರವಾದರೂ ಏನು? ಬೀದಿ ದೀಪ, ಚರಂಡಿ, ಜೊತೆಗೆ ನಡುರಾತ್ರಿ ಫೋನಿನಲ್ಲಿ ಬೈಸಿಕೊಳ್ಳುವ ಗೌರವ.

ರಾಜ್ಯಪಾಲರಾಗಲು ಏನು ಬೇಕು? ಸಂವಿಧಾನದ 157ನೇ ವಿಧಿ ಕೇಳುವುದು ಎರಡೇ. ಭಾರತದ ಪ್ರಜೆಯಾಗಿರಬೇಕು, ಮೂವತ್ತೈದು ವರ್ಷ ತುಂಬಿರಬೇಕು. ಮುಗಿಯಿತು. 158ನೇ ವಿಧಿ ಬಂದು, ಶಾಸಕರೋ ಸಂಸದರೋ ಆಗಿದ್ದರೆ ಆ ಸೀಟು ಬಿಡಿ, ಲಾಭದ ಬೇರೆ ಹುದ್ದೆ ಬೇಡ ಅನ್ನುತ್ತದೆ. ಸರದ ಲೆಕ್ಕ ಯಾರೂ ಕೇಳುವುದಿಲ್ಲ. ಕೇಸಿನ ಪಟ್ಟಿಗೆ ಕಾಲಮೇ ಇಲ್ಲ. ಸುಪ್ರೀಂ ಕೋರ್ಟು 2002ರಲ್ಲಿ ಮತದಾರನಿಗೆ ಅಭ್ಯರ್ಥಿಯ ಹಿನ್ನೆಲೆ ತಿಳಿಯುವ ಹಕ್ಕು ಉಂಟು ಅಂದಿತು. ಒಳ್ಳೆಯದೇ. ಆದರೆ ರಾಜ್ಯಪಾಲರು ಅಭ್ಯರ್ಥಿಯಲ್ಲ, ನಾವು ಅವರಿಗೆ ಮತದಾರರೂ ಅಲ್ಲ. ನಮ್ಮೂರಲ್ಲಿ ಹೆಣ್ಣು ಕೊಡುವ ಮೊದಲು ಹುಡುಗನ ಪಕ್ಕದ ಮನೆಯಲ್ಲಿ ಮೆಲ್ಲ ವಿಚಾರಿಸುತ್ತಾರೆ. ಇಲ್ಲಿ ರಾಷ್ಟ್ರಪತಿ ಭವನದ ಪ್ರಕಟಣೆ ಟಿವಿಯಲ್ಲಿ ಬಂದ ಮೇಲೆಯೇ ನಾವು ಮೊಬೈಲ್ ತೆಗೆದು, ಯಾರಪ್ಪಾ ಇವರು ಅಂತ ಹುಡುಕುವುದು.

ಸಂಬಳ ಮಾತ್ರ ಗುಟ್ಟೇನಲ್ಲ. 2018ರ ಬಜೆಟ್‌ನಲ್ಲಿ ತಿಂಗಳಿಗೆ 1.10 ಲಕ್ಷ ಇದ್ದದ್ದನ್ನು 3.5 ಲಕ್ಷ ಮಾಡಿದರು. ಬಾಡಿಗೆಯಿಲ್ಲದ ಬಂಗಲೆ ಬೇರೆ. ತಿರುವನಂತಪುರದಲ್ಲಿರುವ ಆ ಬಂಗಲೆ 2025ರ ಡಿಸೆಂಬರಿನಿಂದ ರಾಜಭವನ ಅಲ್ಲ, ಲೋಕಭವನ. ಬೋರ್ಡು ಬದಲಾಗಿದೆ, ಗೇಟು ಅದೇ.

ರಾಜಕೀಯದಿಂದ ದೂರ ಇದ್ದವರನ್ನು ನೇಮಿಸಿ ಅಂತ ಕೇಂದ್ರ-ರಾಜ್ಯಗಳ ಸಂಬಂಧ ನೋಡಲು ಇದ್ದ ಸರ್ಕಾರಿಯಾ ಆಯೋಗ 1980ರ ದಶಕದಲ್ಲೇ ವರದಿ ಕೊಟ್ಟಿತ್ತು. ವರದಿ ಎಲ್ಲರಿಗೂ ಇಷ್ಟ ಆಯಿತು, ಕಪಾಟಿಗೂ ಇಷ್ಟ ಆಯಿತು. 2013ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಸೋತ ಶೀಲಾ ದೀಕ್ಷಿತ್ 2014ರ ಮಾರ್ಚಿನಲ್ಲಿ ನಮ್ಮ ರಾಜ್ಯಪಾಲರು. ಕೇಂದ್ರದಲ್ಲಿ ಸರಕಾರ ಬದಲಾಯಿತು, ಆಗಸ್ಟಿನಲ್ಲಿ ವಾಪಸ್. ಆಮೇಲೆ ಬಂದವರೇನು ಕಡಿಮೆಯೇ? ಕೇರಳ ಬಿಜೆಪಿಯ ಅಧ್ಯಕ್ಷರಾಗಿದ್ದ ಕುಮ್ಮನಂ ರಾಜಶೇಖರನ್ 2018ರಲ್ಲಿ ಮಿಜೋರಾಮಿಗೆ ರಾಜ್ಯಪಾಲರಾಗಿ ಹೋದರು. ಅವರ ನಂತರ ಅಧ್ಯಕ್ಷರಾದ ಶ್ರೀಧರನ್ ಪಿಳ್ಳೆ ಕೂಡ 2019ರಲ್ಲಿ ಅದೇ ಮಿಜೋರಾಮಿಗೆ. ಕೇರಳ ಬಿಜೆಪಿಗೂ ಮಿಜೋರಾಮಿನ ರಾಜಧಾನಿ ಐಜಾಲಿಗೂ ನೇರ ಬಸ್ಸು ಇದ್ದಂತೆ ಕಾಣುತ್ತದೆ.

ಕುಮ್ಮನಂ ಅವರದ್ದು ಸ್ವಲ್ಪ ನಿಂತು ನೋಡಬೇಕಾದ ಕತೆ. 2019ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟು ತಿರುವನಂತಪುರದಿಂದ ಲೋಕಸಭೆಗೆ ನಿಂತರು. ನಿಂತದ್ದೇ ತಡ, ಅಫಿಡವಿಟ್ ಬಂತು. ಆಸ್ತಿ, ಸಾಲ, ಕೇಸು, ಓದು, ಎಲ್ಲವೂ ಪ್ರಮಾಣ ಮಾಡಿ ಕೊಡಬೇಕು. ಇಡೀ ರಾಜ್ಯದ ಮುಖ್ಯಸ್ಥರಾಗಿದ್ದಾಗ ಬೇಡವಾಗಿದ್ದ ಲೆಕ್ಕ ಒಂದು ಸೀಟು ಕೇಳಿದಾಗ ಬೇಕಾಯಿತು. ಅವರ ಮೇಲೆ ನನಗೆ ದೂರಿಲ್ಲ. ಕೇಳಿದಾಗ ಅವರು ಕೊಟ್ಟರು. ಮೊದಲು ಯಾರೂ ಕೇಳಲಿಲ್ಲ, ಅಷ್ಟೆ.

ಕೇಸಿನ ವಿಷಯದಲ್ಲಂತೂ 361ನೇ ವಿಧಿ ಇದೆ. ಹುದ್ದೆಯಲ್ಲಿ ಇರುವಷ್ಟು ಕಾಲ ರಾಜ್ಯಪಾಲರ ಮೇಲೆ ಕ್ರಿಮಿನಲ್ ಕೇಸು ನಡೆಸುವಂತಿಲ್ಲ. ಬಾಬರಿ ಕೇಸಿನಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಉಳಿದವರ ವಿಚಾರಣೆ ನಡೆಸಿ ಅಂದಾಗ ಆರೋಪಿಗಳಲ್ಲೊಬ್ಬರಾದ ಕಲ್ಯಾಣ್ ಸಿಂಗ್ ರಾಜಸ್ಥಾನದ ರಾಜ್ಯಪಾಲರು. ಅವರ ಸರದಿ ಕಾಯಬೇಕಾಯಿತು. 2019ರಲ್ಲಿ ಹುದ್ದೆ ಮುಗಿದ ಮೇಲೆ ಸಮನ್ಸ್ ಹೋಯಿತು, 2020ರಲ್ಲಿ ಎಲ್ಲರ ಜೊತೆ ಖುಲಾಸೆಯೂ ಆಯಿತು. ನಮ್ಮ ಕಡೆ ರಸ್ತೆ ತಡೆ ಮಾಡಿದ ಕೇಸು ಇರುವ ಮೆಂಬರ್ ಅಂಥ ರಜೆ ಕೇಳಿ ನೋಡಲಿ!

ಕೆಲಸದ ವಿಷಯ ಹೇಳುವುದಾದರೆ 2024ರ ಜನವರಿ ನೆನಪಾಗುತ್ತದೆ. 25ಕ್ಕೆ ವಿಧಾನಸಭೆಯಲ್ಲಿ ಆಗಿನ ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಸರಕಾರದ ಉದ್ದದ ಭಾಷಣದ ಕೊನೆಯ ಪ್ಯಾರಾ ಮಾತ್ರ ಓದಿ ಎರಡು ನಿಮಿಷದೊಳಗೆ ಹೊರಟರು. 27ಕ್ಕೆ ಕೊಲ್ಲಂ ಜಿಲ್ಲೆಯ ನಿಲಮೇಲ್‌ನಲ್ಲಿ ಕಪ್ಪು ಬಾವುಟ ಕಂಡು ಕಾರಿನಿಂದಿಳಿದು ರಸ್ತೆ ಬದಿಯ ಅಂಗಡಿಯ ಮುಂದೆ ಕುರ್ಚಿ ಹಾಕಿ ಧರಣಿ ಕೂತರು. ಸಭೆಯಲ್ಲಿ ಉಳಿಸಿದ ಸಮಯ ಅಲ್ಲಿ ಖರ್ಚಾಯಿತು.

ಇಷ್ಟೆಲ್ಲ ಬೈದ ನಾವು ಕಾಸರಗೋಡಿನ ಕನ್ನಡಿಗರು ಆಮೇಲೆ ಏನು ಮಾಡಿದೆವು ಗೊತ್ತಾ? ಅದೇ ಗೇಟಿನ ಮುಂದೆ ಮನವಿ ಹಿಡಿದು ನಿಂತೆವು. 2025ರ ಅಕ್ಟೋಬರಿನಲ್ಲಿ ವಿಧಾನಸಭೆ ಮಲಯಾಳ ಭಾಷಾ ಮಸೂದೆ ಪಾಸು ಮಾಡಿತು. ಶಾಲೆಯಲ್ಲಿ ಮಲಯಾಳವೇ ಮೊದಲ ಭಾಷೆ. ಭಾಷಾ ಅಲ್ಪಸಂಖ್ಯಾತರಿಗೆ ರಿಯಾಯಿತಿ ಉಂಟು ಅಂತ ಸರಕಾರ ಹೇಳಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ರಿಯಾಯಿತಿಗಳನ್ನು ನೋಡಿದವರಿಗೆ ನಂಬಿಕೆ ಸುಲಭಕ್ಕೆ ಬರುವುದಿಲ್ಲ. ಸಹಿ ಹಾಕಬೇಡಿ ಅಂತ 2026ರ ಜನವರಿಯಲ್ಲಿ ರಾಜ್ಯಪಾಲ ರಾಜೇಂದ್ರ ಅರ್ಲೇಕರ್ ಅವರಿಗೆ ಮನವಿ ಹೋಯಿತು. ಜನ ಆರಿಸಿದ ಸಭೆಯ ಮಸೂದೆಯ ಮೇಲೆ ರಾಜ್ಯಪಾಲರು ಕೂರಬಾರದು ಎಂಬುದು ನಮ್ಮ ತತ್ವ. ಈ ಒಂದರ ಮೇಲೆ ಮಾತ್ರ ಆರಾಮವಾಗಿ ಕೂರಲಿ ಎಂಬುದು ಆಗ ನಮ್ಮ ಪ್ರಾರ್ಥನೆ.

ಇಂಥದ್ದೇ ಒಂದು ಮನವಿ ಬರೆಯುವಾಗ ರಿಟೈರ್ಡ್ ಮಾಸ್ಟ್ರೊಬ್ಬರು, "ಕೊನೆಗೆ ಒಂದು ಸಾಲು ಸೇರಿಸುವಾ, ರಾಜ್ಯಪಾಲರುಗಳೂ ಆಸ್ತಿ ಘೋಷಣೆ ಮಾಡಬೇಕು ಅಂತ" ಅಂದರು.

"ಸುಮ್ನಿರಿ ಮಾಸ್ಟ್ರೇ," ಅಂತ ಎಲ್ಲರೂ ಒಟ್ಟಿಗೆ ಅಂದರು, "ಅದನ್ನು ಈ ಮಸೂದೆ ಬಿದ್ದ ಮೇಲೆ ಕೇಳುವಾ."