ಹಿಮನದಿಗೆ ಹಿಟಾಚಿ

ಆ ಫೋಟೊ ನೀವೂ ನೋಡಿರುತ್ತೀರಿ. ಸ್ಕೀ ಸೀಸನ್ ಬಂತೆಂದರೆ ಯಾರಾದರೊಬ್ಬರು ಮತ್ತೆ ಕಳಿಸುತ್ತಾರೆ. ಸ್ವಿಟ್ಜರ್ಲೆಂಡಿನ ಝರ್ಮಾಟ್ ಊರಿನ ಮೇಲೆ, ಥಿಯೋಡುಲ್ ಹಿಮನದಿಯಲ್ಲಿ ಹಿಟಾಚಿಗಳು ಕೆರೆಯುತ್ತಿರುವ ಫೋಟೊ. (ಯಾವ ಕಂಪನಿಯ ಯಂತ್ರವೋ ಗೊತ್ತಿಲ್ಲ. ನಮ್ಮ ಕಡೆ ಅಗೆಯುವುದೆಲ್ಲ ಹಿಟಾಚಿಯೇ, ಅಲ್ವಾ?)

ಎಂಥಾ ಕಾಳಜಿ ಅವರದು! ಸ್ವಿಟ್ಜರ್ಲೆಂಡಿನಲ್ಲಿ ಹೊರಟು ಇಟಲಿಯಲ್ಲಿ ಮುಗಿಯುವ ವಿಶ್ವಕಪ್ ಸ್ಕೀ ರೇಸು. ದಾರಿಯಲ್ಲಿ ಹಿಮನದಿ ಬಾಯಿ ಬಿಟ್ಟುಕೊಂಡಿದೆ. ಬಿರುಕಿಗೆ ಮಂಜುಗಡ್ಡೆ ತುಂಬಿ ಸಮ ಮಾಡಿದರು. ಅನುಮತಿ ಇದ್ದ ಜಾಗದ ಗಡಿ ದಾಟಿಯೂ ಮಾಡಿದರು. ವಲೇ ರಾಜ್ಯದ ಕಟ್ಟಡ ಆಯೋಗ ಬಂದು ನೋಡಿ, ಅಲ್ಲಿ ಕಾಲಿಡಬೇಡಿ ಅಂದಿತು. ಸೆಟ್‌ಬ್ಯಾಕ್ ಬಿಡದೆ ಮನೆ ಕಟ್ಟುವವರು ಬೆಂಗಳೂರಲ್ಲಿ ಮಾತ್ರ ಇದ್ದಾರೆ ಅಂದುಕೊಂಡಿದ್ದೆ.

ಇನ್ನು ರೇಸು. 2022ರಲ್ಲಿ ಹಿಮ ಸಾಲದೆ ನಾಲ್ಕಕ್ಕೆ ನಾಲ್ಕೂ ರೇಸು ರದ್ದು. 2023ರಲ್ಲಿ ಹಿಮ ಜಾಸ್ತಿಯಾಗಿ, ಗಾಳಿ ಎದ್ದು, ಮತ್ತೆ ನಾಲ್ಕೂ ರದ್ದು. ಎಂಟಕ್ಕೆ ಸೊನ್ನೆ. ಆಮೇಲೆ ಕ್ಯಾಲೆಂಡರಿನಿಂದಲೇ ತೆಗೆದರು.

ಝರ್ಮಾಟ್ ಬಲು ಮಡಿಯ ಊರು, ಇದನ್ನು ಹೇಳಲೇಬೇಕು. ಪೆಟ್ರೋಲ್ ಕಾರು ಒಳಗೆ ಬಂದರೆ ಮೈಲಿಗೆ. ಐದು ಕಿಲೋಮೀಟರ್ ಕೆಳಗೆ ಟೇಶ್ ಎಂಬಲ್ಲಿ ಕಾರು ಬಿಟ್ಟು, ರೈಲು ಹತ್ತಿ ಬರಬೇಕು. ಊರೊಳಗೆ ಡಬ್ಬಿಯಂಥ ಪುಟ್ಟ ಕರೆಂಟು ಟ್ಯಾಕ್ಸಿಗಳು ಸದ್ದಿಲ್ಲದೆ ಓಡಾಡುತ್ತವೆ. ನಿಮ್ಮ ಮಾರುತಿ ಬಂದರೆ ಗಾಳಿ ಕೆಡುತ್ತದೆ. ಹಿಟಾಚಿ ಬೆಟ್ಟ ಹತ್ತಿದರೆ? ಅದು ಮಡಿಯುಟ್ಟೇ ಹತ್ತಿರಬೇಕು.

ಸ್ವಿಟ್ಜರ್ಲೆಂಡಿನದೇ ಫುರ್ಕಾ ಘಾಟಿಯಲ್ಲಿ ರೋನ್ ಹಿಮನದಿ ಇದೆ. ಅದರೊಳಗೆ ಗುಹೆ ಕೊರೆದು ಟಿಕೆಟ್ ಇಟ್ಟಿದ್ದಾರೆ. ಗುಹೆ ಕರಗಬಾರದಲ್ಲ, ಬೇಸಿಗೆಯಲ್ಲಿ ಹಿಮನದಿಗೆ ಬಿಳಿ ಕಂಬಳಿ ಹೊದಿಸುತ್ತಾರೆ. ಬೆಚ್ಚಗಿರಲು ನಮಗೆ ಕಂಬಳಿ, ತಣ್ಣಗಿರಲು ಅದಕ್ಕೆ ಕಂಬಳಿ. ಹರಿದು, ಮಣ್ಣು ಹತ್ತಿದ ಮೇಲೆ ಅದು ಮದುವೆಯ ಮಾರನೇ ದಿನದ ಶಾಮಿಯಾನದ ಥರ ಕಾಣುತ್ತದೆ. ಫ್ರಾನ್ಸಿನ ಪಿರಿನೀಸ್ ಬೆಟ್ಟದಲ್ಲಿರುವ ಲುಷೋನ್‌ನವರು ಇನ್ನೂ ಗಟ್ಟಿಗರು. 2020ರ ಫೆಬ್ರುವರಿಯಲ್ಲಿ ಸುಮಾರು 50 ಟನ್ ಹಿಮವನ್ನು ಹೆಲಿಕಾಪ್ಟರಿನಲ್ಲಿ ತಂದು ಇಳಿಜಾರಿಗೆ ಸುರಿದರು. ನಮ್ಮ ನಾಯಕರು ಹೂಮಳೆಯಲ್ಲೇ ತೃಪ್ತರು, ಪಾಪ.

ಸಾಕು, ನನಗೂ ನಗು ಬರುತ್ತಿಲ್ಲ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳ ಹತ್ತರಲ್ಲೊಂದು ಪಾಲು ಕರಗಿ ಹೋಯಿತು. ರೇಸಿಗೆ ಒದ್ದಾಡಿದ್ದೂ ಅದೇ ಎರಡು ವರ್ಷ. ಸಾಯುತ್ತಿರುವವರ ಮಂಚದ ಮೇಲೆ ಕುಣಿಯಲು ಜಾಗ ಸಾಲದು ಅಂತ ಮಂಚ ಕೆತ್ತಿದ ಹಾಗಾಯಿತು. ರೇಸು ನಡೆಸಲು ಡಿಸೆಂಬರ್‌ವರೆಗೆ ಕಾಯೋಕೆ ಏನು ರೋಗ? ಸೀಸನ್ನಿಗೆ ಮುಂಚೆ ಟಿವಿಯಲ್ಲಿ ಬೆಟ್ಟ ಬೆಳ್ಳಗೆ ಕಾಣಬೇಕು, ಬುಕಿಂಗ್ ಆಗಬೇಕು, ಅಷ್ಟೇ.

ರೇಸು ಹೋದರೂ ಝರ್ಮಾಟಿನಲ್ಲಿ ಕೇಬಲ್ ಕಾರು ಓಡುತ್ತಿದೆ. ಕೆಲವು ಡಬ್ಬಿಗಳಿಗೆ ಹರಳು ಕೂರಿಸಿದ್ದಾರೆ, ತಳಕ್ಕೆ ಗಾಜು ಹಾಕಿದ್ದಾರೆ. ಹೊರಟಾಗ ಗಾಜು ಮಬ್ಬಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಸರಕ್ಕನೆ ತಿಳಿಯಾಗಿ, ಕಾಲ ಕೆಳಗೆ ಹಿಮನದಿ ಕಾಣುತ್ತದೆ. ಅದನ್ನು ನೋಡೋಕೆ ಚಾರ್ಜು ಬೇರೆ.